ನೀರು ಕುಡಿದ ಚೌಕ

ಐಗಳಿಯ ನಮ್ಮ ಮನೆ ಊರ ರಸ್ತೆಯಿಂದ ಅರವತ್ತು ಅಡಿ ಒಳಗಿದೆ. ನಡುವಿನ ಅಂಗಳ ಪೂರ್ತಿ ಎರೆಮಣ್ಣು. ಬೇಸಿಗೆಯಲ್ಲಿ ಅದು ಬಾಯಿ ಬಿಟ್ಟಾಗ ಬಿರುಕಿನೊಳಗೆ ಕೀಲಿಕೈ ಬಿದ್ದರೆ ಮತ್ತೆ ಸಿಗುವುದಿಲ್ಲ. ಮಳೆ ಹಿಡಿದರೆ ಅದೇ ಮಣ್ಣು ಚಪ್ಪಲಿಯನ್ನು ತಾನಿಟ್ಟುಕೊಂಡು ಕಾಲನ್ನು ಮಾತ್ರ ಬಿಟ್ಟುಕೊಡುತ್ತದೆ. ಏಕಸಂಬಿಯಿಂದ ಸೊಸೆಯಾಗಿ ಬಂದ ಮೊದಲ ವರ್ಷವೇ ನಾನು ಎರಡು ಜೊತೆ ಚಪ್ಪಲಿ ಕಳೆದುಕೊಂಡೆ. ಆಮೇಲೆ ರೂಢಿಯಾಯಿತು. ಶಾಲೆಗೆ ಹೊರಡುವಾಗ ಚಪ್ಪಲಿ ಕೈಯಲ್ಲಿ ಹಿಡಿದು, ರಸ್ತೆಯವರೆಗೆ ಬರಿಗಾಲಲ್ಲಿ ನಡೆದು, ಅಲ್ಲಿಯ ನಳದ ಕೆಳಗೆ ಕಾಲು ತೊಳೆದುಕೊಂಡು ಸ್ಕೂಟಿ ಹತ್ತುತ್ತಿದ್ದೆ.

ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವ ಮಾತು ಮನೆಯಲ್ಲಿ ಎಷ್ಟೋ ಸಲ ಬಂದು ಹೋಗಿತ್ತು. ಅದು ಹಟವಾಗಿ ಬೆಳೆದದ್ದು ಮಾವನವರು ತೀರಿಕೊಂಡ ಮೇಲೆ. ಆಷಾಢದ ಒಂದು ಬೆಳಿಗ್ಗೆ, ಎರಡು ದಿನದಿಂದ ಹನಿ ಕಡಿಯದೆ ಮಳೆ ಸುರಿಯುತ್ತಿದ್ದಾಗ, ಚಹಾ ಕುಡಿಯುತ್ತಿದ್ದ ಅವರ ಕೈಯಿಂದ ಬಸಿ ಜಾರಿ ಬಿತ್ತು. ಬಲಗೈ ಮೇಲೇಳಲಿಲ್ಲ, ಮಾತು ತೊದಲಿತು. ನನ್ನ ಗಂಡ ಓಡಿಹೋಗಿ ಅಂಗಳದಲ್ಲಿದ್ದ ಕಾರು ಚಾಲೂ ಮಾಡಿದರು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನ ಗಾಲಿ ಅರ್ಧ ಹೂತುಹೋಯಿತು. ಗೋಣಿಚೀಲ ಹಾಸಿದರು, ಕಲ್ಲು ಕೊಟ್ಟರು, ತಳ್ಳಿದರು. ಗಾಲಿ ತಿರುಗಿದಷ್ಟೂ ಒಳಗೇ ಇಳಿಯಿತು. ಕೊನೆಗೆ ಓಣಿಯ ನಾಲ್ಕು ಮಂದಿ ಮಾವನವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೊಣಕಾಲುದ್ದದ ಕೆಸರಿನಲ್ಲಿ ರಸ್ತೆಗೆ ಹೊತ್ತೊಯ್ದರು. ಬೇರೆಯವರ ಗಾಡಿ ಸಿಕ್ಕು ಮಿರಜ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮೂರನೆಯ ದಿನ ಅವರು ಹೋದರು.

ತಡವಾಯಿತು ಎಂದು ಡಾಕ್ಟರು ಹೇಳಲಿಲ್ಲ. ಹೇಳಿಕೊಂಡವರು ನನ್ನ ಗಂಡ, ತಮಗೆ ತಾವೇ. ಕಾರು ಹೂತುಕೊಂಡಿದ್ದ ಆ ಅರ್ಧ ತಾಸನ್ನು ಅವರು ಆಮೇಲೆ ಒಂದು ದಿನವೂ ಮರೆಯಲಿಲ್ಲ. ಮುಂದಿನ ಮಳೆಗಾಲ ಬರುವ ಮೊದಲು ಬಾಗಿಲಿನಿಂದ ರಸ್ತೆಯ ತನಕ ಗಟ್ಟಿ ನೆಲ ಆಗಲೇಬೇಕು ಎಂದರು. ಅದಕ್ಕೆ ಯಾರೂ ಬೇಡ ಎನ್ನುವ ಹಾಗಿರಲಿಲ್ಲ. ನನಗೂ ಬೇಕಾಗಿತ್ತು.

ಚೈತ್ರ ಕಳೆದ ಮೇಲೆ ಅಥಣಿ ಕಡೆಯ ಒಬ್ಬ ಗವಂಡಿ ಬಂದರು. ಐವತ್ತು ದಾಟಿದ ಮನುಷ್ಯ. ಮನೆ, ಕಾಲುವೆಯ ಗೋಡೆ, ಒಣದ್ರಾಕ್ಷಿಯ ಶೆಡ್ಡು, ಎಲ್ಲ ಕಟ್ಟಿದ ಕೈ. ಬಂದವರು ಮೊದಲು ಅಳತೆ ತೆಗೆಯಲಿಲ್ಲ. ಹಾರೆ ತೆಗೆದುಕೊಂಡು ಅಂಗಳದಲ್ಲಿ ಅಲ್ಲಲ್ಲಿ ನೆಲ ಚುಚ್ಚುತ್ತಾ ಓಡಾಡಿದರು. ಹಾರೆ ಸರಾಗ ಇಳಿದ ಕಡೆ ಮುಖ ಗಂಟಿಕ್ಕುತ್ತಿದ್ದರು. ನಡುವಿನಲ್ಲಿ ಒಂದು ಕಡೆ ಹಾರೆಯ ತುದಿ ಕಲ್ಲಿಗೆ ಬಡಿದು ಠಣ್ ಎಂದಿತು. ಅಲ್ಲಿ ಎರಡು ಮೂರು ಸಲ ಕುಟ್ಟಿ ನೋಡಿ, ಹಳೆಯ ಕಟ್ಟಡದ ಅಡಿಪಾಯದ ಕಲ್ಲಿರಬೇಕು, ಇದ್ದರೆ ಒಳ್ಳೆಯದೇ ಎಂದರು. ನಾನು ಕಟ್ಟೆಯ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆ ಸದ್ದು ನನಗೂ ಕೇಳಿಸಿತು.

ಆಮೇಲೆ ಅವರು ನನ್ನ ಗಂಡನನ್ನು ಬೇವಿನ ಮರದ ಕೆಳಗೆ ಕರೆದು ಹೇಳಿದರು.

"ಎರಿ ಭೂಮಿ ರೀ ಇದು, ಅಣ್ಣಾರ. ಬ್ಯಾಸಗ್ಯಾಗ ಕುಗ್ಗತೈತಿ, ಮಳಿಗಾಲದಾಗ ಉಬ್ಬತೈತಿ. ಎರಡ ಮೊಳ ತಗದು ಮುರುಮ ತುಂಬಿ, ಒಂದ ಮಳಿಗಾಲ ಹಂಗ ಬಿಡ್ರಿ. ನೆಲಾ ತಾನ ಕೂಡತೈತಿ. ಆಮ್ಯಾಲ ಕಾಂಕ್ರೀಟ ಹಾಕೂಣು."

"ಮಳಿಗಾಲ ಬಿಡಾಕ ಆಗೂದಿಲ್ಲ," ಎಂದರು ಇವರು. "ಮಳಿಗಾಲದ ಸಲುವಾಗೇ ಹಾಕ್ಸಾಕತ್ತೀನಿ."

ಮಾವನವರ ಸುದ್ದಿ ಗವಂಡಿಗೆ ಗೊತ್ತಿತ್ತು. ಕೊನೆಗೆ ಎರಡು ಮೊಳ ಆಗದಿದ್ದರೆ ಒಂದೂವರೆಯಾದರೂ ಎಂದರು. ಅದು ಒಂದು ಮೊಳಕ್ಕೆ ಇಳಿಯಿತು.

ಕೆಲಸ ನಡೆದದ್ದು ವೈಶಾಖದ ಉರಿಯಲ್ಲಿ. ಕರಿಮಣ್ಣು ಎತ್ತಿ ಹಾಕಿದರು, ಗರಸಿನಂಥ ಕೆಂಪು ಮುರುಮು ತುಂಬಿ ನೀರು ಹೊಡೆದು ರೋಲರ್ ಓಡಿಸಿದರು, ಮೇಲೆ ಕಬ್ಬಿಣದ ಸಳಿಯ ಜಾಳಿಗೆ ಕಟ್ಟಿದರು. ನೆಲ ಒಂದೇ ಹಾಸಾಗಿದ್ದರೆ ಬಿಸಿಲಿಗೆ ಒಡೆಯುತ್ತದೆಂದು ಹತ್ತು ಹತ್ತು ಅಡಿಯ ಆರು ಚೌಕ ಮಾಡಿ, ನಡುವೆ ಬೆರಳಗಲ ಸಂದು ಬಿಟ್ಟರು. ಕಾಂಕ್ರೀಟ್ ಸುರಿಯುವ ದಿನ ನಸುಕಿನಲ್ಲೇ ಶುರುವಾಗಿ ಬಿಸಿಲೇರುವ ಮೊದಲು ನಿಲ್ಲಿಸಬೇಕು, ನಾಲ್ಕು ದಿನ ಹಿಡಿಯಲಿ ಎಂದು ಗವಂಡಿ ಅಂದುಕೊಂಡಿದ್ದರು. ಮಿಕ್ಸರ್ ಬೇರೆ ಊರಿಗೆ ಹೋಗುವುದಿತ್ತು, ಇವರಿಗೂ ಕಾಯುವ ಮನಸ್ಸಿರಲಿಲ್ಲ. ಎರಡು ದಿನದಲ್ಲಿ ಮುಗಿಯಿತು. ಎರಡನೆಯ ಮಧ್ಯಾಹ್ನ ಬಿಸಿಗಾಳಿ ಎದ್ದು, ಕರಣೆಯಿಂದ ಸವರಿದ ಕಾಂಕ್ರೀಟಿನ ಮೇಲಿನ ತೇವ ನಾವು ನೋಡುತ್ತಿದ್ದಂತೆಯೇ ಆರಿಹೋಯಿತು. ಸಂಜೆಗೆ ಕೂದಲಿನಂಥ ಗೆರೆಗಳು ಕಾಣಿಸಿಕೊಂಡವು. ಗವಂಡಿ ಬಗ್ಗಿ ನೋಡಿ, ಇನ್ನು ನೀರೇ ಇದರ ಔಷಧ, ಇಪ್ಪತ್ತೊಂದು ದಿನ ಒಣಗಗೊಡಬೇಡಿ ಎಂದು ನನಗೆ ಹೇಳಿ ಹೋದರು. ಶಾಲೆಗೆ ಬೇಸಿಗೆ ರಜೆ. ನೀರುಣಿಸುವ ಕೆಲಸ ನನ್ನ ಪಾಲಿಗೆ ಬಂತು.

ಪ್ರತಿ ಚೌಕದ ಸುತ್ತ ಮಣ್ಣಿನ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಬೇಕು. ನಾನು ಪೈಪು ಹಿಡಿಯುವ ಮೊದಲು ಅತ್ತೆ ಮೆತ್ತನೆಯ ಕಸಬರಿಗೆ ತಂದು ಒಂದೊಂದು ಚೌಕದ ಇರುವೆಗಳನ್ನು ಮೆಲ್ಲಗೆ ಅಂಚಿಗೆ ಸರಿಸುತ್ತಿದ್ದರು. ಜೀವ ಮುಳುಗಬಾರದು ಎಂದು. ಅದಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು. ನಾನು ಕಾಯುತ್ತಿದ್ದೆ. ಹಾಗೆ ಕಾಯುತ್ತಾ ನಿಂತಿದ್ದಕ್ಕೇ ಒಂದು ಸಂಗತಿ ನನ್ನ ಗಮನಕ್ಕೆ ಬಂತು.

ಹಿಂದಿನ ಸಂಜೆ ಆರೂ ಚೌಕಕ್ಕೆ ಒಂದೇ ಸಮ ನೀರು ನಿಲ್ಲಿಸಿದ್ದೆ. ಬೆಳಿಗ್ಗೆ ಐದು ಚೌಕಗಳಲ್ಲಿ ಎರಡು ಬೆರಳು ನೀರು ಉಳಿದಿತ್ತು. ರಸ್ತೆಯಿಂದ ಮೂರನೆಯ ಚೌಕ ಮಾತ್ರ ಬರಿದಾಗಿತ್ತು.

ಒಡ್ಡು ಸೋರಿರಬೇಕೆಂದು ಹೊಸ ಮಣ್ಣು ಮೆತ್ತಿದೆ. ಮರುದಿನವೂ ಹಾಗೇ. ಒಡ್ಡಿನ ಹೊರಗೆ ಒಂದು ಹನಿ ತೇವವಿರಲಿಲ್ಲ. ಬಿಸಿಲಿಗೆ ಆರಿತು ಎನ್ನಲು ಬಿಸಿಲು ಎಲ್ಲ ಚೌಕಕ್ಕೂ ಒಂದೇ. ನಾಲ್ಕನೆಯ ದಿನ ನೀರು ತುಂಬಿಸಿ ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತೆ. ಮೂರು ಮತ್ತು ನಾಲ್ಕನೆಯ ಚೌಕದ ನಡುವಿನ ಸಂದಿನ ಕಡೆಗೆ ಒಂದು ಒಣಗಿದ ಬೇವಿನ ಎಲೆ ನಿಧಾನವಾಗಿ ಸರಿದು ಬಂತು. ಅಲ್ಲಿ ಸ್ವಲ್ಪ ನಿಂತು, ಸುತ್ತು ಹಾಕಿ, ಸಂದಿಗೆ ಅಂಟಿಕೊಂಡಿತು. ಕಿವಿ ಹತ್ತಿರ ತಂದಾಗ ಕೆಳಗೆಲ್ಲೋ ನೀರು ಹನಿಯುವ ಸದ್ದು ಕೇಳಿದ ಹಾಗಾಯಿತು. ಮಣ್ಣು ನೀರು ಕುಡಿಯುವಾಗ ಅಂಥ ಸದ್ದು ಬರುವುದಿಲ್ಲ. ನೀರು ನೀರಿನ ಮೇಲೆ ಬಿದ್ದಾಗ ಬರುತ್ತದೆ.

ಗವಂಡಿಗೆ ಫೋನು ಮಾಡಿದೆ. ಗೆದ್ದಲು ಗೂಡೋ ಇಲಿಯ ಬಿಲವೋ ಇದ್ದೀತು, ಸಿಮೆಂಟನ್ನು ಹಾಲಿನ ಹಾಗೆ ಕಲಸಿ ಸಂದಿಗೆ ಸುರಿಯಿರಿ, ಮುಚ್ಚಿಕೊಳ್ಳುತ್ತದೆ ಎಂದರು. ಒಂದು ಬಕೀಟು ಸುರಿದೆ. ಇಳಿದುಹೋಯಿತು. ಇನ್ನೊಂದು ಸುರಿದೆ, ಅದೂ ಹೋಯಿತು. ಮೂರನೆಯದಕ್ಕೆ ಸಂದು ತುಂಬಿಕೊಂಡಿತು. ಆಮೇಲೆ ನೀರು ನಿಂತಿತು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಎರಡು ಬಕೀಟು ಎಲ್ಲಿ ಹೋದವು ಎಂಬ ಪ್ರಶ್ನೆ ಉಳಿಯಿತು. ಅದನ್ನು ಗಂಡನ ಹತ್ತಿರ ಎತ್ತಲಿಲ್ಲ. ಅವರು ದಿನಾ ಸಂಜೆ ದ್ರಾಕ್ಷಿ ತೋಟದಿಂದ ಬಂದು, ಚಪ್ಪಲಿ ಹೊರಗೇ ಬಿಟ್ಟು, ಆ ಹೊಸ ನೆಲದ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆದು ಬರುತ್ತಿದ್ದರು. ಆಗ ಅವರ ಮುಖದಲ್ಲಿ ಇರುತ್ತಿದ್ದುದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಮಳೆ ಬಂತು. ಮೊದಲ ಸಲ ಚಪ್ಪಲಿ ಹಾಕಿಕೊಂಡೇ ರಸ್ತೆಗೆ ಹೋದೆ. ಕಾರು ಬಾಗಿಲ ತನಕ ಬಂತು. ಇವರು ಅದನ್ನು ಸುಮ್ಮನೆ ಎರಡು ಸಲ ಒಳಗೆ ತಂದು ಹೊರಗೆ ಒಯ್ದರು.

ಶ್ರಾವಣದ ಹೊತ್ತಿಗೆ ನೆಲ ಉಬ್ಬತೊಡಗಿತು. ರಸ್ತೆ ಕಡೆಯ ಚೌಕದ ಬಲ ಮೂಲೆ ಎರಡು ಬೆರಳು ಮೇಲೆದ್ದು, ಕಬ್ಬಿಣದ ಗೇಟು ಅದಕ್ಕೆ ತಗುಲಿ ನಿಂತುಬಿಟ್ಟಿತು. ಕೂದಲಿನಂಥ ಗೆರೆಗಳು ನೂಲಿನಷ್ಟಾದವು, ಆಮೇಲೆ ಹಗ್ಗದಷ್ಟು. ಗವಂಡಿ ಹೇಳಿದಂತೆ ಅಂಚಿನಲ್ಲಿ ಚರಂಡಿ ತೋಡಿ ನೀರನ್ನು ದೂರ ಹರಿಯಿಸಿದೆವು. ಮಳೆ ಬಿಟ್ಟ ದಿನ ಬಿರುಕುಗಳ ಕಸ ತೆಗೆದು, ಒಣಗಿಸಿ, ಕಾಸಿದ ಡಾಂಬರು ಸುರಿದೆವು. ಇದು ನಮ್ಮ ಮನೆಯ ವರ್ಷದ ಕೆಲಸಗಳಲ್ಲಿ ಒಂದಾಯಿತು. ವಿಚಿತ್ರವೆಂದರೆ ಮೂರನೆಯ ಚೌಕ ಮಾತ್ರ ಉಬ್ಬಲಿಲ್ಲ, ಬಿರಿಯಲಿಲ್ಲ. ಎಲ್ಲಕ್ಕಿಂತ ಅದೇ ಚೊಕ್ಕವಾಗಿತ್ತು. ಮಳೆ ನಿಂತ ಮೇಲೆ ಅದರ ನಡುವೆ ತಟ್ಟೆಯಗಲದ ನೀರು ನಿಲ್ಲುತ್ತಿತ್ತು. ಅದು ಕೆಳಗೆ ಜಗ್ಗುತ್ತಿದೆ ಎಂದು ಅಂದಾಜಿಸಲು ನನಗೆ ಒಂದು ತಿಂಗಳು ಬೇಕಾಯಿತು.

ಓಣಿಯಲ್ಲಿ ಅಷ್ಟು ಸಪಾಟಾದ ಜಾಗ ಬೇರೆ ಇರಲಿಲ್ಲ. ಸುಗ್ಗಿಯಲ್ಲಿ ಜೋಳ ಒಣಗಿಸಲು ಬಂದರು, ಬೇಸಿಗೆಗೆ ಹೆಂಗಸರು ಶಾವಿಗೆ ಹೊಸೆಯಲು ಕುಳಿತರು. ಸಂಜೆ ಮಕ್ಕಳು ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟಾಟ ಆಡುತ್ತಿದ್ದರು. ಅವರ ಒಂಟಿಕಾಲಿನ ನೆಗೆತದ ಸದ್ದು ಮೊದಲೆರಡು ಚೌಕದಲ್ಲಿ ಒಂದು ಥರ, ಮೂರನೆಯದರಲ್ಲಿ ಇನ್ನೊಂದು ಥರ ಕೇಳುತ್ತಿತ್ತು. ಖಾಲಿ ಹಂಡೆಯನ್ನು ಅಂಗೈಯಿಂದ ತಟ್ಟಿದ ಹಾಗೆ.

ಅತ್ತೆಯೂ ಅದನ್ನು ಕೇಳುತ್ತಿದ್ದರು. ಫಾಲ್ಗುಣದ ಒಂದು ಸಂಜೆ, ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದಾಗ, ಮಕ್ಕಳನ್ನು ನೋಡುತ್ತಲೇ ಮೆಲುದನಿಯಲ್ಲಿ ಕೇಳಿದರು.

"ಇಲ್ಲಿ ಹಗೇವ ಇದ್ದೂವು. ನಿನಗ ಯಾರರೆ ಹೇಳ್ಯಾರೇನು?"

ಇಲ್ಲ ಎಂದೆ. ಹಗೇವು ಎಂದರೇನು ಎಂದು ನನಗೆ ಗೊತ್ತಿತ್ತು. ಹಿಂದಿನವರು ಜೋಳ ಕಾಪಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಅದರ ಮೇಲೆಯೇ ಜನ ಓಡಾಡುತ್ತಿದ್ದರು.

ತಾವು ಮದುವೆಯಾಗಿ ಬಂದಾಗ ಅಂಗಳದಲ್ಲಿ ಎರಡಿದ್ದವು ಎಂದರು ಅತ್ತೆ. ಗೋಡೆಯ ಹತ್ತಿರದ್ದನ್ನು ಕಲ್ಲುಮಣ್ಣು ತುಂಬಿ ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದರು. ಇನ್ನೊಂದರದು ನೆನಪಿಲ್ಲ. ಜೋಳ ಚೀಲದಲ್ಲಿ ಇಡುವ ಕಾಲ ಬಂತು, ಯಾರೂ ಅದನ್ನು ತೆಗೆಯಲಿಲ್ಲ, ಮೇಲೆ ಮಣ್ಣು ಕೂತಿತು, ಅಷ್ಟೆ.

"ಅಂವಗ ನೀ ಹೇಳು," ಎಂದರು. "ನಾ ಹೇಳಿದ್ರ, ಅಪ್ಪನ ಸಲುವಾಗಿ ಮಾಡಿದ್ದಕ್ಕ ಅವ್ವ ತಪ್ಪ ಹುಡಕತಾಳ ಅಂತಾನ."

ಹೇಳುತ್ತೇನೆ ಎಂದೆ. ಆ ದಿನ ಹೇಳಲಿಲ್ಲ. ಮರುದಿನ ಒಣದ್ರಾಕ್ಷಿಯ ಗಡಿಬಿಡಿ ಇತ್ತು. ಆಮೇಲಿನ ವಾರ ಶಾಲೆಯಲ್ಲಿ ಪರೀಕ್ಷೆ. ನೆಪಗಳೆಲ್ಲ ನಿಜವೇ ಆಗಿದ್ದವು, ಆದರೂ ನೆಪಗಳೇ. ಹೇಳಿದರೆ ನೆಲ ಒಡೆಯಬೇಕು. ಒಡೆದರೆ ಅವರು ಮತ್ತೆ ಆ ಕೆಸರಿನ ಬೆಳಿಗ್ಗೆಗೆ ಹಿಂದಿರುಗಿ ಹೋಗುತ್ತಾರೆ. ಹೇಳದಿದ್ದರೆ ಏನೂ ಆಗದೆಯೂ ಇರಬಹುದು. ಇಷ್ಟು ವರ್ಷ ಆಗಿಲ್ಲವಲ್ಲ. ಹೀಗೆ ನನಗೆ ನಾನೇ ಹೇಳಿಕೊಂಡೆ.

ಹೇಳುವ ಬದಲು ಚೆಂಡುಹೂವಿನ ನಾಲ್ಕು ಕುಂಡ ತಂದು ಮೂರನೆಯ ಚೌಕದ ನಡುವೆ ಇಟ್ಟೆ. ಮಕ್ಕಳು ಅತ್ತ ಹೋಗದಿರಲಿ ಎಂದು. ಮಕ್ಕಳು ಬಯ್ದುಕೊಳ್ಳುತ್ತಾ ಮೊದಲೆರಡು ಚೌಕಕ್ಕೆ ಆಟ ಬದಲಿಸಿದರು. ಕುಂಡಗಳನ್ನು ಯಾಕೆ ನಟ್ಟನಡುವೆ ಇಟ್ಟಿದ್ದೀ ಎಂದು ಗಂಡ ಕೇಳಲಿಲ್ಲ. ಅವರು ಆ ಬೇಸಿಗೆಯಲ್ಲಿ ಕಾರನ್ನು ರಸ್ತೆ ಬದಿಯ ಬೇವಿನ ಮರದ ಕೆಳಗೇ ನಿಲ್ಲಿಸುತ್ತಿದ್ದರು. ನೆರಳಿಗೆ ಇರಬೇಕು ಎಂದುಕೊಂಡೆ.

ಆ ವರ್ಷದ ಬೇಸಿಗೆ ಎಲ್ಲವನ್ನೂ ಹಿಂಡಿತು. ಕಾಂಕ್ರೀಟಿನ ಅಂಚಿನ ಎರೆಮಣ್ಣು ಕುಗ್ಗಿ ದೂರ ಸರಿದು, ಚೌಕಗಳ ಕೆಳಗೆ ಮುಂಗೈ ತೂರುವಷ್ಟು ಪೊಳ್ಳು ಬಿತ್ತು. ಮೂರನೆಯ ಚೌಕದ ಪಕ್ಕ ಒಂದು ಕೋಲು ತೂರಿಸಿ ನೋಡಿದೆ. ಕೋಲು ಪೂರ್ತಿ ಹೋಯಿತು. ನನ್ನ ಕೈ ನೆಲಕ್ಕೆ ತಾಗಿತು, ಕೋಲಿನ ತುದಿಗೆ ಏನೂ ತಾಗಲಿಲ್ಲ. ಕೋಲನ್ನು ಹೊರಗೆಳೆದು, ಇದ್ದಲ್ಲೇ ಇಟ್ಟು, ಕೈ ತೊಳೆದುಕೊಂಡೆ. ಆ ಸಂಜೆ ಖಂಡಿತ ಹೇಳುವುದೆಂದು ನಿಶ್ಚಯಿಸಿದೆ. ಸಂಜೆ ಅವರು ದಣಿದು ಬಂದರು. ಬಾವಿ ಬತ್ತಿ ದ್ರಾಕ್ಷಿ ಬಳ್ಳಿಗಳಿಗೆ ಟ್ಯಾಂಕರ್ ನೀರು ಹಾಕಿಸುತ್ತಿದ್ದ ದಿನಗಳು ಅವು. ನಾಳೆ ಎಂದುಕೊಂಡೆ.

ಎರಡು ದಿನದ ಮೇಲೆ ಅಕಾಲದ ಒಂದು ಜೋರು ಮಳೆ ಬಿತ್ತು. ಒಣಗಿ ಬಾಯಿಬಿಟ್ಟ ಮಣ್ಣು ಆ ನೀರನ್ನೆಲ್ಲ ಒಂದೇ ಗುಟುಕಿಗೆ ಎಂಬಂತೆ ಒಳಗೆ ಎಳೆದುಕೊಂಡಿತು. ಅದರ ಮಾರನೆಯ ಬೆಳಿಗ್ಗೆ ಮನೆಯ ತೊಟ್ಟಿಗೆ ನೀರು ಬಿಡಲು ಟ್ಯಾಂಕರ್ ಬಂತು. ಯಾವಾಗಲೂ ಬರುವವನು ರಸ್ತೆಯಲ್ಲೇ ನಿಂತು ಪೈಪು ಎಳೆಯುತ್ತಿದ್ದ. ಆ ದಿನ ಬಂದವನು ಹೊಸಬ. ಗಟ್ಟಿ ನೆಲ ಕಂಡದ್ದೇ ಟ್ರ್ಯಾಕ್ಟರನ್ನು ತಿರುಗಿಸಿ, ಟ್ಯಾಂಕರನ್ನು ಹಿಂದೆ ಮಾಡಿಕೊಂಡು ಗೇಟಿನೊಳಗೆ ತಳ್ಳಿಕೊಂಡು ಬಂದ.

ನಾನು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದೆ. ಮೊರ ಬಿಟ್ಟು ಓಡಿದೆ, ನಿಲ್ಲಿಸು ಎಂದು ಕೈ ಬೀಸಿದೆ. ಟ್ರ್ಯಾಕ್ಟರಿನಲ್ಲಿ ಹಾಡು ಹಾಕಿದ್ದ. ಕುಂಡ ಎತ್ತಿಡಲು ಬರುತ್ತಿದ್ದೇನೆ ಎಂದು ತಿಳಿದನೋ ಏನೋ, ನಕ್ಕು ತಲೆಯಾಡಿಸಿದ.

ಕುಂಡಗಳು ಮೊದಲು ಹೋದವು. ನಾಲ್ಕೂ ಒಟ್ಟಿಗೆ, ಸದ್ದಿಲ್ಲದೆ, ನೆಲದ ಜೊತೆ ಓರೆಯಾಗಿ ಕೆಳಗೆ ಜಾರಿದವು. ಚೌಕ ಒಡೆಯಲಿಲ್ಲ. ಒಂದು ಕದ ತೆರೆದುಕೊಂಡ ಹಾಗೆ ಒಂದು ಕಡೆಯಿಂದ ಕುಸಿಯಿತು. ಟ್ಯಾಂಕರಿನ ಗಾಲಿಗಳು ಅದರ ಹಿಂದೆ ಇಳಿದವು, ಟ್ರ್ಯಾಕ್ಟರಿನ ಮೂತಿ ಮೇಲೆದ್ದಿತು. ಚಾಲಕ ಪಕ್ಕಕ್ಕೆ ಜಿಗಿದು ಅಂಗಳದ ಮಣ್ಣಿನಲ್ಲಿ ಬಿದ್ದ. ಟ್ಯಾಂಕರಿನ ಬಾಯಿಯಿಂದ ನೀರೆಲ್ಲ ಗುಳುಗುಳು ಎಂದು ಕುಣಿಯೊಳಗೆ ಸುರಿಯಿತು. ನೀರು ನಿಂತ ಮೇಲೆ ವಾಸನೆ ಬಂತು. ಹುಳಿತ ಜೋಳ, ಕೊಳೆತ ಹುಲ್ಲು, ಮುಚ್ಚಿಟ್ಟ ಯಾವುದೋ ಹಳೆಯ ಉಸಿರು. ಅದು ಕುಣಿಯ ಅಂಚಿನಲ್ಲೇ ಮಲಗಿದಂತೆ ಇತ್ತು.

ಚಾಲಕನ ಮೊಣಕೈ ತರಚಿತ್ತು, ಅಷ್ಟೆ. ಅವನಿಗೆ ನೀರು ಕೊಟ್ಟೆ.

ಮಧ್ಯಾಹ್ನದೊಳಗೆ ಜೆಸಿಬಿ ತಂದು ಟ್ಯಾಂಕರ್ ಎತ್ತಿಸಿದರು. ಗವಂಡಿಯೂ ಸುದ್ದಿ ಕೇಳಿ ಅಥಣಿಯಿಂದ ಬಂದರು. ಕುಸಿದ ಚೌಕ ಕುಣಿಯ ಅರ್ಧ ಬಾಯಿಗೆ ಓರೆಯಾಗಿ ಸಿಕ್ಕಿಕೊಂಡಿತ್ತು. ಉಳಿದ ಅರ್ಧದಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಾಂಕ್ರೀಟಿನ ಕೆಳಗೆ ಎರಡು ತುಂಡಾದ ಹಾಸುಗಲ್ಲು ಕಂಡಿತು. ಗವಂಡಿ ಅದನ್ನೇ ನೋಡುತ್ತಾ ನಿಂತರು. ಆ ದಿನ ಹಾರೆಗೆ ಸಿಕ್ಕಿದ್ದು ಇದೇ ಕಲ್ಲು, ನನ್ನ ತಪ್ಪು ಎಂದು ಎಲ್ಲರ ಮುಂದೆ ಹೇಳಿದರು. ಆಮೇಲೆ ಏಣಿ ತರಿಸಿದರು. ಒಳಗಿನ ಹೊಟ್ಟೆ ಮನೆಯ ಗೋಡೆಯ ಕೆಳಗಿನ ತನಕ ಹೋಗಿದೆಯೋ ಇಲ್ಲವೋ ಇಳಿದು ನೋಡಬೇಕು ಎಂದರು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಗೋಡೆಯ ಮಾತು ಎಲ್ಲರನ್ನೂ ಹೆದರಿಸಿತ್ತು.

ಅವರು ಏಣಿಯ ಮೊದಲ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದರು. ಜನರ ನಡುವಿನಿಂದ ಅತ್ತೆ ಬಂದು ಅವರ ತೋಳು ಹಿಡಿದರು. ಅತ್ತೆ ಪರಗಂಡಸಿನ ಕೈ ಹಿಡಿದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ನಿಂದ್ರಪಾ. ಹಗೇವದಾಗ ಇಳಿಯೂಕಿಂತ ಮೊದಲ ದೀಪಾ ಇಳಸಬೇಕು. ದೀಪಾ ಉಳದ್ರ ಮನಷ್ಯಾ ಉಳದಾನು."

"ಆಯಿ, ಇಷ್ಟ ಬಾಯಿ ತೆರದೈತಿ, ಗಾಳಿ ಆಡಾಕತ್ತೈತಿ," ಎಂದರು ಗವಂಡಿ.

"ಇಳಸಿ ನೋಡು."

ಮನೆಯಲ್ಲಿ ಕಂದೀಲು ಇರಲಿಲ್ಲ; ನಾನು ಒಳಗೆ ಹೋಗಿ ಹಿತ್ತಾಳೆಯ ದೀಪವನ್ನೇ ಸಣ್ಣ ಬಕೀಟಿನಲ್ಲಿಟ್ಟು ತಂದೆ. ನನ್ನ ಗಂಡ ಹಗ್ಗ ಕಟ್ಟಿ ಇಳಿಸಿದರು. ಓಣಿಯ ಜನವೆಲ್ಲ ಬಗ್ಗಿ ನೋಡುತ್ತಿತ್ತು. ಬೆಳಕು ಕುಣಿಯ ಬಾಯಿ ದಾಟಿ ಒಳಗೋಡೆಯ ಮೇಲೆ ಬಿತ್ತು. ಹಳೆಯ ಗುದ್ದಲಿಯ ಗುರುತುಗಳು ಕಂಡವು, ನಿನ್ನೆ ತೋಡಿದಷ್ಟು ಸ್ಪಷ್ಟ. ಒಂದಾಳು ಉದ್ದ ಇಳಿಯುವಷ್ಟರಲ್ಲಿ ಉರಿ ಕುಗ್ಗಿತು. ಇನ್ನೊಂದು ಮೊಳಕ್ಕೆ ಆರಿತು. ಗಾಳಿಗೆ ಆರಿದ ದೀಪ ಒಮ್ಮೆ ಅಲುಗಾಡುತ್ತದೆ. ಇದು ಅಲುಗಾಡಲಿಲ್ಲ. ಸಣ್ಣದಾಗಿ, ನೀಲಿಯಾಗಿ, ಇಲ್ಲವಾಯಿತು.

ಮೇಲೆತ್ತಿ ಹಚ್ಚಿ ಮತ್ತೆ ಇಳಿಸಿದರು. ಅದೇ ಆಳದಲ್ಲಿ ಮತ್ತೆ ಆರಿತು.

ಗವಂಡಿ ಏಣಿಯಿಂದ ಕಾಲು ತೆಗೆದರು. ನೆಲದ ಮೇಲೆ ಕುಳಿತು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಅವರ ಜೊತೆ ಬಂದಿದ್ದ ಆಳುಗಳೂ ಏಣಿಯನ್ನು ದೂರ ಸರಿಸಿದರು. ಅತ್ತೆ ಮನೆಯೊಳಗೆ ಹೋದರು.

ಆ ದಿನವೂ ಎಂದಿನಂತೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಕುಳಿತೆವು. ಯಾರ ತಟ್ಟೆಯಲ್ಲೂ ರೊಟ್ಟಿ ಮುಗಿಯಲಿಲ್ಲ. ಅತ್ತೆ ಎದ್ದು ಹೋದ ಮೇಲೆ ನಾನು ಗಂಡನಿಗೆ ಹೇಳಿದೆ. ನೀರು ಇಳಿದುಹೋಗುತ್ತಿದ್ದುದು, ಬಕೀಟಿನ ಸಿಮೆಂಟು, ಅತ್ತೆ ಹೇಳಿದ್ದು, ಕೋಲು. ಅವರು ತಟ್ಟೆ ನೋಡುತ್ತಲೇ ಕೇಳಿಸಿಕೊಂಡರು.

"ನನಗೂ ಗೊತ್ತಿತ್ತು," ಎಂದರು ಆಮೇಲೆ. "ಗಾಡಿ ಹಾದಾಗ ಅಲ್ಲಿ ಟೊಳ್ಳ ಸದ್ದ ಬರತಿತ್ತು. ಗಾಡಿ ಬೇವಿನ ಗಿಡದ ಕೆಳಗ ಯಾಕ ನಿಲ್ಲಸತಿದ್ದೆ ಅಂತ ತಿಳದಿದ್ದಿ?"

"ಮತ್ತ ಯಾಕ ಸುಮ್ಮನಿದ್ರಿ?"

"ನಿನ್ನ ಕುಂಡಾ ನೋಡಿದೆ. ನಿನಗೂ ಗೊತ್ತೈತಿ ಅಂತ ಆತು. ಇಬ್ಬರಿಗೂ ಗೊತ್ತಿದ್ರ ಏನೂ ಆಗೂದಿಲ್ಲ ಅಂತ ಅನಸ್ತು."

ಎಷ್ಟೋ ಮಕ್ಕಳು ಅಲ್ಲಿ ಆಡಿದ್ದರು. ಶಾವಿಗೆ ಹೊಸೆಯಲು ಒಂದೊಂದು ದಿನ ಏಳೆಂಟು ಹೆಂಗಸರು ಸುತ್ತು ಕೂತಿರುತ್ತಿದ್ದರು.

ಕುಣಿಯನ್ನು ಹತ್ತು ದಿನ ಹಾಗೇ ತೆರೆದಿಟ್ಟು ಸುತ್ತ ಜಾಲಿಯ ಮುಳ್ಳು ಹಾಕಿದೆವು. ದಿನಾ ದೀಪ ಇಳಿಸಿ ನೋಡುತ್ತಿದ್ದರು. ಏಳನೆಯ ದಿನ ಅದು ತಳದ ತನಕ ಉರಿಯಿತು. ಆದರೂ ಯಾರೂ ಇಳಿಯಲಿಲ್ಲ. ಮೇಲಿನಿಂದಲೇ ಕಲ್ಲು, ಖಡಿ, ಮುರುಮು ತುಂಬಿ, ಪದರ ಪದರವಾಗಿ ನೀರು ಹಾಕಿ ಕುಟ್ಟಿಸಿದರು. ಎಷ್ಟು ಟ್ರಾಲಿ ಹಿಡಿಯಿತೆಂದರೆ ಓಣಿಯವರು ನೋಡಲು ಬರುವುದನ್ನೇ ಬಿಟ್ಟರು. ಅದರ ಮೇಲೆ ಕಾಂಕ್ರೀಟ್ ಹಾಕಲು ಗವಂಡಿ ಒಪ್ಪಲಿಲ್ಲ. ಒಂದಲ್ಲ, ಎರಡು ಮಳೆಗಾಲ ಕಳೆಯಲಿ ಎಂದರು. ಈ ಸಲ ಇವರು ಹೂಂ ಎಂದರು. ಅಲ್ಲಿ ಈಗ ಬರಿ ಮುರುಮಿದೆ. ಕಾರು ರಸ್ತೆಯಲ್ಲೇ ಇರುತ್ತದೆ.

ಮನೆಯ ಮುಂದಿನ ಗೋಡೆಯಲ್ಲಿ ಕಿಟಕಿಯ ಕೆಳಗೆ ಓರೆಯಾದ ಒಂದು ಬಿರುಕು ಮೂಡಿತ್ತು. ಹಳೆಯದೋ ಹೊಸದೋ ನಮಗೆ ತಿಳಿಯಲಿಲ್ಲ. ಗವಂಡಿ ಅದಕ್ಕೆ ಅಡ್ಡವಾಗಿ ಒಂದು ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿದರು. ಗೋಡೆ ಕದಲಿದರೆ ಮೊದಲು ಗಾಜು ಒಡೆಯುತ್ತದೆ, ಆಗ ಫೋನು ಮಾಡಿ ಎಂದರು. ನಾನು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದನ್ನು ನೋಡಿ ಬರುತ್ತೇನೆ.

ಈ ಮಳೆಗಾಲದಲ್ಲಿ ಕೃಷ್ಣೆಗೆ ನೀರು ಏರಿದಾಗ ಮಾವನವರ ಅಕ್ಕ ಹೊಳೆದಂಡೆಯ ಸತ್ತಿ ಊರಿನಿಂದ ನಮ್ಮ ಮನೆಗೆ ಬಂದು ಉಳಿದರು. ಎಂಬತ್ತು ದಾಟಿದವರು, ಇದೇ ಮನೆಯಲ್ಲಿ ಹುಟ್ಟಿ ಬೆಳೆದವರು. ಅಂಗಳದ ಕಥೆಯನ್ನೆಲ್ಲ ಕೇಳಿಸಿಕೊಂಡು, ಹಲ್ಲಿಲ್ಲದ ಬಾಯಲ್ಲಿ ಅಡಿಕೆಪುಡಿ ಆಡಿಸುತ್ತಾ ಹೇಳಿದರು.

"ಎರಡ ಅಲ್ಲ, ಮೂರ ಇದ್ದೂವು. ದೊಡ್ಡದು ಇಲ್ಲಿತ್ತು. ಆಮ್ಯಾಲ ಇದರ ಮ್ಯಾಲ ಕೋಣಿ ಕಟ್ಟಿದ್ರು."

ಅವರು ಕೈ ತೋರಿಸಿದ್ದು ಅಡುಗೆಮನೆಯ ಕಡೆಗೆ.

ಅತ್ತೆ ಇಲ್ಲವೆಂದರು, ತಾವು ಬಂದಾಗ ಎರಡೇ ಎಂದರು. ಮಾವನವರ ಅಕ್ಕ ತಾವು ಅದರೊಳಗಿನ ಜೋಳದ ರೊಟ್ಟಿ ತಿಂದಿರುವುದಾಗಿ ಹೇಳಿದರು. ಇಬ್ಬರೂ ಜಗಳವಾಡಲಿಲ್ಲ, ಆದರೆ ಮಾತು ಅಲ್ಲಿಗೆ ನಿಂತಿತು. ಆ ಸಂಜೆ ಗಂಡ ತೋಟದಿಂದ ಬಂದು ಇನ್ನೂ ಕಾಲು ತೊಳೆಯುತ್ತಿದ್ದಾಗಲೇ ನಾನು ಹೇಳಿಬಿಟ್ಟೆ. ಅವರು ಒದ್ದೆ ಕಾಲಲ್ಲೇ ಗವಂಡಿಗೆ ಫೋನು ಮಾಡಿದರು.

ಗವಂಡಿ ಬಂದು ಅಡುಗೆಮನೆಯ ನೆಲವನ್ನು ಮೂಲೆ ಮೂಲೆಗೂ ಕುಟ್ಟಿ ಕೇಳಿದರು. ಒಂದು ಕಡೆ ಸದ್ದು ಬೇರೆ ಇದೆ ಅನಿಸುತ್ತದೆ, ಆದರೆ ಹಾಸುಗಲ್ಲಿನ ಕೆಳಗೆ ಹಾಗೆ ಅನಿಸುವುದೂ ಉಂಟು ಎಂದರು. ಮಳೆಯಲ್ಲಿ ತೆರೆದರೆ ಗೋಡೆಗೆ ಅಪಾಯ. ದೀಪಾವಳಿ ಕಳೆದು ಮಣ್ಣು ಆರಲಿ, ಅಲ್ಲಿಯ ತನಕ ಭಾರ ಇಡಬೇಡಿ ಎಂದು ಹೇಳಿ ಹೋದರು.

ಫ್ರಿಜ್ಜು, ಗ್ಯಾಸ್ ಒಲೆ, ಕಾಳಿನ ಡಬ್ಬಿಗಳನ್ನು ಹಿಂದಿನ ಪಡಸಾಲೆಗೆ ತಂದಿದ್ದೇವೆ. ಅಡುಗೆ ಅಲ್ಲೇ ನಡೆಯುತ್ತಿದೆ. ಎರಡೇ ಇದ್ದವು ಎಂದು ಅತ್ತೆ ಈಗಲೂ ಹೇಳುತ್ತಾರೆ. ಆದರೆ ಒಳಗೆ ಉಳಿದ ಏನನ್ನಾದರೂ ತರಬೇಕಾದಾಗ ಅಡುಗೆಮನೆಯ ನಡುವೆ ಕಾಲಿಡುವುದಿಲ್ಲ. ಒಂದು ಕೈ ಗೋಡೆಗೆ ಹಚ್ಚಿ, ಅಂಚು ಹಿಡಿದು, ಸುತ್ತಿಕೊಂಡು ಹೋಗಿ ಸುತ್ತಿಕೊಂಡೇ ಬರುತ್ತಾರೆ.